ಯಾವ ಸೆಕೆಂಡ್ ಕ್ರಾಸ್?

"ಹೇಳಿ ಅಮ್ಮಾ, ಯಾವ ಏರಿಯಾ?"

"ವಿನಾಯಕ ನಗರ. ಫಸ್ಟ್ ಮೇನ್, ಸೆಕೆಂಡ್ ಕ್ರಾಸ್."

"ಯಾವ ವಿನಾಯಕ ನಗರ ಅಮ್ಮಾ?"

"ಅದೇ... ಗಣೇಶನ ದೇವಸ್ಥಾನದ ಹತ್ರ."

"ಪಕ್ಕದಲ್ಲಿ ದೊಡ್ಡದೇನಾದ್ರೂ ಇದ್ಯಾ? ಸ್ಕೂಲು, ಪೆಟ್ರೋಲ್ ಬಂಕು?"

"ನೀರಿನ ಟ್ಯಾಂಕ್ ಇದೆ... ಬೇಗ ಬನ್ರಪ್ಪಾ, ಇವರು ಮಾತೇ ಆಡ್ತಿಲ್ಲ."

"ಗಾಡಿ ಕಳಿಸ್ತಿದೀವಿ ಅಮ್ಮಾ. ಯಾರಾದ್ರೂ ಒಬ್ಬರನ್ನ ಮೇನ್ ರೋಡಿಗೆ ಕಳಿಸಿ."

"ಮನೇಲಿ ನಾವಿಬ್ಬರೇ ಇರೋದು."

ಇದು ಯಾವುದೋ ಒಂದು ಕರೆಯ ದಾಖಲೆಯಲ್ಲ. ಆದರೆ ಬೆಂಗಳೂರಿನಲ್ಲಿ ಒಮ್ಮೆಯಾದರೂ ಫೋನಿನಲ್ಲಿ ದಾರಿ ಹೇಳಿದವರಿಗೆ ಇದರ ಒಂದೊಂದು ಸಾಲೂ ಪರಿಚಿತ. ಊಟದ ಪಾರ್ಸೆಲ್ ತರುವ ಹುಡುಗನ ಜೊತೆ ಇದೇ ಮಾತುಕತೆ ನಡೆದರೆ ಊಟ ತಣ್ಣಗಾಗುತ್ತದೆ, ಅಷ್ಟೆ. ಆಂಬುಲೆನ್ಸ್ ವಿಷಯ ಹಾಗಲ್ಲ. ಹೃದಯದ ಬಡಿತ ನಿಂತವರಿಗೆ ಎದೆ ಒತ್ತುವ ಸಿಪಿಆರ್ ಆಗಲಿ, ವಿದ್ಯುತ್ ಆಘಾತ ಕೊಡುವ ಉಪಕರಣವಾಗಲಿ ಸಿಗದೆ ಹೋದರೆ, ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ನಾಲ್ಕಾರು ನಿಮಿಷ ರಕ್ತ ಹರಿಯದಿದ್ದರೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ಆಂಬುಲೆನ್ಸ್ ತಡವಾಯಿತು ಎಂದರೆ ನಾವು ಥಟ್ಟನೆ ಟ್ರಾಫಿಕ್ಕನ್ನು ನೆನೆಯುತ್ತೇವೆ. ಅದು ಸುಳ್ಳೇನೂ ಅಲ್ಲ. ಆದರೆ ಆ ತಡಕ್ಕೆ ಇನ್ನೂ ಎರಡು ತುಂಡುಗಳಿವೆ. ಒಂದು, ಗಾಡಿ ಹೊರಡುವ ಮುಂಚೆ ಫೋನಿನಲ್ಲಿ ವಿಳಾಸ ಅರ್ಥವಾಗಲು ಹಿಡಿಯುವ ಹೊತ್ತು. ಇನ್ನೊಂದು, ಗಾಡಿ ಬೀದಿಗೆ ಬಂದ ಮೇಲೆ ಮನೆ ಹುಡುಕಲು ಹಿಡಿಯುವ ಹೊತ್ತು. ಈ ಎರಡನ್ನೂ ತೀರ್ಮಾನಿಸುವುದು ರಸ್ತೆಯ ಹೆಸರು ಮತ್ತು ಬಾಗಿಲ ಮೇಲಿನ ಅಂಕಿ.

ಎಣಿಸಿದರೆ ಸಿಗುವ ಮಲ್ಲೇಶ್ವರ

ಸುಲಭವಾಗಿ ಸಿಗುವ ಬಡಾವಣೆ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಾ ಹೋದರೆ ಅಡ್ಡರಸ್ತೆಗಳ ಸಂಖ್ಯೆ ಏರುತ್ತಾ ಹೋಗುತ್ತದೆ. ಎಂಟನೇ ಕ್ರಾಸಿನಲ್ಲಿ ನಿಂತವನಿಗೆ ಹದಿನೈದನೇ ಕ್ರಾಸು ಯಾವ ದಿಕ್ಕಿಗಿದೆ, ಹೆಚ್ಚುಕಡಿಮೆ ಎಷ್ಟು ದೂರ ಎಂದು ಯಾರೂ ಹೇಳಿಕೊಡಬೇಕಿಲ್ಲ. ಉದ್ದಕ್ಕೆ ಹೋಗುವ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಿಗೆ ಮರಗಳ ಹೆಸರು. ಅಡ್ಡಕ್ಕೆ ಹೋಗುವವುಗಳಿಗೆ ಅಂಕಿ. ಒಂದು ಹೆಸರು, ಒಂದು ಅಂಕಿ ಸೇರಿದರೆ ಒಂದು ಮೂಲೆ ಸಿಕ್ಕಿಬಿಡುತ್ತದೆ.

ಅದಕ್ಕಿಂತ ಹಿಂದಿನ ಬೆಂಗಳೂರಿಗೆ ಬೇರೆಯದೇ ಲೆಕ್ಕವಿತ್ತು. ಕೆಂಪೇಗೌಡರ ಕಾಲದ ಪೇಟೆಯಲ್ಲಿ ಬೀದಿಗಳಿಗೆ ಕಸುಬೇ ಗುರುತು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅಷ್ಟು ಸಾಕಿತ್ತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟು ಜೀವ ತೆಗೆಯತೊಡಗಿದಾಗ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಚೌಕ ಚೌಕವಾಗಿ ಬೆಳೆದವು. ಗಾಳಿ ಬೆಳಕಿಗೆಂದು ನೇರವಾಗಿ ಎಳೆದ ಗೆರೆಗಳು ವಿಳಾಸವನ್ನೂ ನೇರ ಮಾಡಿದವು.

ತೊಡಕು ಶುರುವಾದದ್ದು ಈ ಮಾದರಿ ಮರುಕಳಿಸಿದಾಗ. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಜೊತೆಗೆ ಹತ್ತಾರು ಗೃಹ ನಿರ್ಮಾಣ ಸಂಘಗಳು ಬಡಾವಣೆಯ ಮೇಲೆ ಬಡಾವಣೆ ಕಟ್ಟಿದವು. ಪ್ರತಿ ಬಡಾವಣೆಯೂ ಒಂದರಿಂದಲೇ ಎಣಿಕೆ ಆರಂಭಿಸಿತು. ಎಲ್ಲ ಕಡೆಯೂ ಒಂದು ಫಸ್ಟ್ ಮೇನ್, ಎಲ್ಲ ಕಡೆಯೂ ಒಂದು ಸೆಕೆಂಡ್ ಕ್ರಾಸ್. ಬೇರ್ಪಡಿಸಲು ಮೇಲೊಂದು ಪದರ ಬೇಕಾಯಿತು. ಜಯನಗರ, ಕೋರಮಂಗಲಕ್ಕೆ ಬ್ಲಾಕು, ಬನಶಂಕರಿಗೆ ಸ್ಟೇಜು, ಜೆ.ಪಿ. ನಗರಕ್ಕೆ ಫೇಸು; ಎಚ್‌ಎಸ್‌ಆರ್ ಬಡಾವಣೆಗೆ ಸೆಕ್ಟರು. ಈ ಪದರ ತಪ್ಪಿದರೆ ಉಳಿದ ವಿಳಾಸವೆಲ್ಲ ಸರಿಯಿದ್ದೂ ಗಾಡಿ ಮೂರು ಕಿಲೋಮೀಟರ್ ಆಚೆಗೆ ಹೋಗಿ ನಿಲ್ಲುತ್ತದೆ. ಗಾಬರಿಯಲ್ಲಿರುವವರ ಬಾಯಿಂದ ಮೊದಲು ಜಾರುವುದೇ ಈ ಪದರ. ತಮ್ಮ ಬಡಾವಣೆಯೊಳಗೆ ಅದನ್ನು ಯಾರೂ ಹೇಳಿಕೊಂಡು ಓಡಾಡುವುದಿಲ್ಲವಲ್ಲ.

ಕಿವಿಗೆ ಒಂದೇ ಥರ ಕೇಳುವ ಹೆಸರುಗಳ ಪಾಡು ಇನ್ನೊಂದು. ನಗರದ ಈಶಾನ್ಯಕ್ಕೆ ಎಚ್‌ಬಿಆರ್ ಬಡಾವಣೆ ಇದೆ, ಎಚ್‌ಆರ್‌ಬಿಆರ್ ಬಡಾವಣೆಯೂ ಇದೆ. ಎರಡಕ್ಕೂ ಬ್ಲಾಕುಗಳಿವೆ, ಎರಡಕ್ಕೂ ಕ್ರಾಸುಗಳಿವೆ. ಅಳುತ್ತಾ ಮಾತಾಡುವವರ ದನಿಯಲ್ಲಿ, ಕಡಿದು ಕಡಿದು ಬರುವ ಸಿಗ್ನಲ್ಲಿನಲ್ಲಿ, ನಡುವಿನ ಒಂದಕ್ಷರ ಬಿದ್ದುಹೋಗಲು ಎಷ್ಟು ಹೊತ್ತು? ಜಯನಗರದಲ್ಲಿ ನಾಲ್ಕನೇ ಬ್ಲಾಕಿನ ಜೊತೆಗೇ ನಾಲ್ಕನೇ ಟಿ ಬ್ಲಾಕ್ ಇದೆ. ಇಂದಿರಾನಗರಕ್ಕೂ 80 ಅಡಿ ರಸ್ತೆ, ಕೋರಮಂಗಲಕ್ಕೂ 80 ಅಡಿ ರಸ್ತೆ. ಎರಡು ಮೇನುಗಳ ನಡುವೆ ಹೊಸ ರಸ್ತೆ ಹುಟ್ಟಿದಲ್ಲೆಲ್ಲ ಎ, ಬಿ, ಸಿ ಎಂದು ಅಕ್ಷರ ಅಂಟಿಸುತ್ತಾ ಹೋಗಿ, ಕೋರಮಂಗಲದಲ್ಲಿ 17ನೇ ಇ ಮೇನ್ ತನಕ ತಲುಪಿದ್ದೇವೆ.

24, 24/1, 24/2ಎ

ಬಿಡಿಎ ಬಡಾವಣೆಯೇ ವಾಸಿ ಅನ್ನಿಸುವುದು ರೆವಿನ್ಯೂ ಲೇಔಟಿಗೆ ಕಾಲಿಟ್ಟಾಗ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳು ನಗರದೊಳಕ್ಕೆ ಬಂದವು. ಅಲ್ಲಿ ಹೊಲಗಳು ಸೈಟುಗಳಾದದ್ದು ಒಬ್ಬೊಬ್ಬ ಮಾಲೀಕನ ಅನುಕೂಲ ನೋಡಿಕೊಂಡು. ಸರ್ವೆ ನಂಬರೇ ಮೊದಲ ವಿಳಾಸ. ಸೈಟು ನಂಬರು ಆ ಒಂದು ಹೊಲದ ನಕ್ಷೆಯೊಳಗಿನ ನಂಬರಾದ್ದರಿಂದ, ಪಕ್ಕದ ಹೊಲ ಶುರುವಾದ ಕೂಡಲೇ ಅದೇ ಬೀದಿಯಲ್ಲಿ 12ರ ಪಕ್ಕ ಮತ್ತೆ 1 ಬರುತ್ತದೆ.

ಅಪ್ಪನ 24ನೇ ನಂಬರಿನ ಜಾಗ ಮಕ್ಕಳಿಗೆ ಭಾಗವಾದರೆ 24/1, 24/2, ಮುಂದೆ 24/2ಎ. ಅದರ ಮೇಲೆ ಹಳೆ ನಂಬರು, ಹೊಸ ನಂಬರು, ಆಸ್ತಿ ತೆರಿಗೆಯ ಪಿಐಡಿ ಸಂಖ್ಯೆ, ವಿದ್ಯುತ್ ಮೀಟರಿನ ಆರ್‌ಆರ್ ನಂಬರು. ಒಂದೇ ಗೋಡೆಯ ಮೇಲೆ ನಾಲ್ಕು ಅಂಕಿಗಳಿದ್ದರೂ ಅವುಗಳಲ್ಲಿ ಒಂದಾದರೂ "ಪಕ್ಕದ ಮನೆಯದು ಇಷ್ಟಿದ್ದರೆ ನಾನು ಹುಡುಕುವ ಮನೆ ಬಲಕ್ಕೋ ಎಡಕ್ಕೋ" ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ತೆರಿಗೆ ವಸೂಲಿಗೆ, ಮೀಟರ್ ಓದಲಿಕ್ಕೆ ಹುಟ್ಟಿದ ಅಂಕಿಗಳವು. ರಾತ್ರಿ ಎರಡು ಗಂಟೆಗೆ ಮೊದಲ ಬಾರಿ ಆ ಬೀದಿಗೆ ಬರುವ ಡ್ರೈವರನನ್ನು ಮನಸ್ಸಿನಲ್ಲಿಟ್ಟು ಕೊಟ್ಟವಲ್ಲ.

ಹೆಸರು ಬದಲಾದ ರಸ್ತೆಗಳ ಕಥೆಯೂ ಇದೇ. ರೆಸಿಡೆನ್ಸಿ ರಸ್ತೆ ದಾಖಲೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ, ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆ, ಇನ್‌ಫೆಂಟ್ರಿ ರಸ್ತೆ ಭಗವಾನ್ ಮಹಾವೀರ ರಸ್ತೆ. ಹಿರಿಯರ ಹೆಸರಿಟ್ಟು ಗೌರವಿಸುವುದು ಒಳ್ಳೆಯದೇ. ಆದರೆ ಬೋರ್ಡು ಒಂದು ಹೇಳಿ, ಬಸ್ಸಿನ ಕಂಡಕ್ಟರು ಇನ್ನೊಂದು ಹೇಳುವ ಊರಿನಲ್ಲಿ, ಕರೆ ತೆಗೆದುಕೊಳ್ಳುವವರ ಕಂಪ್ಯೂಟರಿನಲ್ಲಿ ಎರಡೂ ಹೆಸರು ಒಂದೇ ರಸ್ತೆಗೆ ಗಂಟು ಬಿದ್ದಿರಲೇಬೇಕು.

ಷಿಕಾಗೋದ ವಸೂಲಿಗಾರ

ಬೆಂಗಳೂರು ಇಂದು ನಿಂತಿರುವ ಜಾಗದಲ್ಲಿ ಷಿಕಾಗೋ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಿಂತಿತ್ತು. 1889ರಲ್ಲಿ ಸುತ್ತಲಿನ ಹಲವು ಊರುಗಳು ಆ ನಗರದೊಳಕ್ಕೆ ಸೇರಿದವು. ಸೇರುವಾಗ ತಮ್ಮ ತಮ್ಮ ಬೀದಿ ಹೆಸರುಗಳನ್ನೂ ಮನೆ ನಂಬರುಗಳನ್ನೂ ಹೊತ್ತು ತಂದವು. ಒಂದೇ ಹೆಸರಿನ ಬೀದಿಗಳು ಹಲವು, ಎಣಿಕೆ ಶುರುವಾಗುವ ಜಾಗಗಳೂ ಹಲವು.

ಈ ಗೊಂದಲ ಬಿಡಿಸಲು ಹೊರಟ ಎಡ್ವರ್ಡ್ ಬ್ರೆನನ್ ಅಧಿಕಾರಿಯಲ್ಲ, ಎಂಜಿನಿಯರೂ ಅಲ್ಲ. ಅಪ್ಪನ ದಿನಸಿ ಅಂಗಡಿಯ ಸಾಮಾನನ್ನು ಮನೆಮನೆಗೆ ಮುಟ್ಟಿಸುತ್ತಿದ್ದವರು, ಆಮೇಲೆ ಸಂಗೀತ ವಾದ್ಯಗಳ ಕಂಪನಿಯೊಂದಕ್ಕೆ ಬಾಕಿ ವಸೂಲಿ ಮಾಡುತ್ತಿದ್ದವರು. ಮನೆ ಹುಡುಕುವ ಕಷ್ಟ ಅವರ ಕಾಲಿಗೆ ಗೊತ್ತಿತ್ತು. 1901ರಲ್ಲಿ ಅವರು ಸೂಚಿಸಿದ್ದು ಸರಳ ಉಪಾಯ: ಸ್ಟೇಟ್ ಬೀದಿ ಮತ್ತು ಮ್ಯಾಡಿಸನ್ ಬೀದಿ ಕೂಡುವ ಮೂಲೆ ಇಡೀ ನಗರಕ್ಕೆ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ನಂಬರು, ಬಹುಮಟ್ಟಿಗೆ ಮೈಲಿಗೆ 800ರಂತೆ. ಬೀದಿಯ ಒಂದು ಬದಿಗೆ ಸಮ, ಇನ್ನೊಂದು ಬದಿಗೆ ಬೆಸ.

ನಗರಸಭೆ ಅದನ್ನು ಒಪ್ಪಿದ್ದು 1908ರಲ್ಲಿ, ಜಾರಿಯಾದದ್ದು 1909ರ ಸೆಪ್ಟೆಂಬರ್ 1ರಂದು. ನಗರದ ನಡುಭಾಗಕ್ಕೆ ಬಂದದ್ದು 1911ರಲ್ಲಿ. ಬ್ರೆನನ್ ಅಲ್ಲಿಗೆ ನಿಲ್ಲಿಸಲಿಲ್ಲ. ಒಂದೇ ಹೆಸರಿನ ಬೀದಿಗಳನ್ನು ಹುಡುಕಿ ಬೇರೆ ಹೆಸರು ಕೊಡಿಸುವ ಕೆಲಸಕ್ಕೆ ಮುಂದಿನ ದಶಕಗಳನ್ನೂ ಕೊಟ್ಟರು. ಇವತ್ತು ಷಿಕಾಗೋದಲ್ಲಿ "ಉತ್ತರ ದಿಕ್ಕು, 1600" ಎಂದರೆ ಸೊನ್ನೆಯಿಂದ ಎರಡು ಮೈಲಿ ಉತ್ತರ. ಅಗ್ನಿಶಾಮಕ ವಾಹನದ ಚಾಲಕರಿಗೆ ಆ ಅಂಕಿಯೇ ನಕ್ಷೆ.

ಅಂಕಿ ಇಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎನ್ನಲು ನ್ಯೂಯಾರ್ಕಿನ ಕ್ವೀನ್ಸ್ ಸಾಕ್ಷಿ. ಅಲ್ಲಿಯೂ ಹಳೆಯ ಊರುಗಳನ್ನು ಒಂದೇ ಜಾಲಕ್ಕೆ ತರಲು ಸಂಖ್ಯೆಗಳನ್ನೇ ಕೊಟ್ಟರು. ಆದರೆ ನಡುನಡುವೆ ಮಿಕ್ಕ ರಸ್ತೆಗಳಿಗೂ ಅದೇ ಸಂಖ್ಯೆ ಬಳಸಿದರು. ಹೀಗಾಗಿ 60ನೇ ಸ್ಟ್ರೀಟ್, 60ನೇ ಪ್ಲೇಸ್, 60ನೇ ಲೇನ್, 60ನೇ ಅವೆನ್ಯೂ, 60ನೇ ರೋಡ್, 60ನೇ ಡ್ರೈವ್ ಎಲ್ಲವೂ ಇವೆ. ನಮ್ಮ ಎ ಕ್ರಾಸ್, ಬಿ ಕ್ರಾಸುಗಳ ಹಾಗೆಯೇ, ಕೊನೆಯ ಒಂದು ಪದ ತಪ್ಪಿದರೆ ಮುಗಿಯಿತು.

ನಂಬರೇ ದೂರ ಹೇಳಿದರೆ

ಅಮೆರಿಕದ ತುರ್ತು ಕರೆ ಸಂಖ್ಯೆ 911ಕ್ಕೆ ಮೊದಲ ಕರೆ ಹೋದದ್ದು 1968ರ ಫೆಬ್ರುವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಪುಟ್ಟ ಊರಿನಿಂದ. ಆ ಸಂಖ್ಯೆ ದೇಶದ ಹಳ್ಳಿಗಳಿಗೆ ಹಬ್ಬಿದಂತೆ ಹೊಸ ಸಮಸ್ಯೆಯೊಂದು ಎದ್ದಿತು. ಹಳ್ಳಿಯ ಮನೆಗಳಿಗಿದ್ದದ್ದು ಅಂಚೆಯವರ ವಿಳಾಸ: ಇಂಥ ಮಾರ್ಗ, ಇಂಥ ಪೆಟ್ಟಿಗೆ. ಅದು ಅಂಚೆಯವರು ಟಪಾಲು ಹಂಚುತ್ತಾ ಹೋಗುವ ಕ್ರಮವೇ ಹೊರತು ಮನೆ ಇರುವ ರಸ್ತೆಯ ಹೆಸರಲ್ಲ. ಅದನ್ನು ನಂಬಿ ಆಂಬುಲೆನ್ಸ್ ಹೊರಡುವಂತಿರಲಿಲ್ಲ.

ಹಾಗಾಗಿ ಕೌಂಟಿಗಳು ಹಳ್ಳಿ ರಸ್ತೆಗಳಿಗೆಲ್ಲ ಹೆಸರು ಕೊಟ್ಟು ಮನೆಗಳಿಗೆ ಹೊಸ ನಂಬರು ಹಾಕಿದವು. ಅನೇಕ ಕಡೆ ಬಳಸಿದ ಅಳತೆ ನೆನಪಿಡುವಂಥದ್ದು. ಒಂದು ಮೈಲಿ ಎಂದರೆ 5,280 ಅಡಿ. ಪ್ರತಿ 5.28 ಅಡಿಗೆ ಒಂದು ನಂಬರು ಕಾಯ್ದಿಟ್ಟರೆ ಮೈಲಿಗೆ ಸರಿಯಾಗಿ ಸಾವಿರ ನಂಬರು. ಮನೆಯ ಸಂಖ್ಯೆ 2500 ಇದ್ದರೆ ರಸ್ತೆ ಶುರುವಾದಲ್ಲಿಂದ ಎರಡೂವರೆ ಮೈಲಿ. ಚಾಲಕರು ತಿರುವಿನಲ್ಲಿ ಗಾಡಿಯ ಮೀಟರು ನೋಡಿಕೊಂಡರೆ ಸಾಕು. ಎರಡು ಮನೆಗಳ ನಡುವೆ ಮುಂದೊಂದು ದಿನ ಹತ್ತು ಮನೆ ಎದ್ದರೂ ಅವುಗಳಿಗೆ ನಂಬರು ಮೊದಲೇ ಕಾದಿರುತ್ತದೆ. 24/2ಎ ಹುಟ್ಟುವ ಪ್ರಸಂಗವೇ ಬರುವುದಿಲ್ಲ.

ಇದನ್ನು ಇಡೀ ದೇಶಕ್ಕೇ ಅನ್ವಯಿಸಿದ್ದು ದಕ್ಷಿಣ ಕೊರಿಯಾ. ಜಪಾನಿನ ವಸಾಹತು ಆಳ್ವಿಕೆಯ ಭೂಮಾಪನದ ಕಾಲದಿಂದ ಅಲ್ಲಿ ವಿಳಾಸ ಎಂದರೆ ಜಮೀನಿನ ಸಂಖ್ಯೆ, ನಮ್ಮ ಸರ್ವೆ ನಂಬರಿನ ಹಾಗೆ. ತುಂಡಾದ ಜಮೀನುಗಳ ನಂಬರುಗಳು ಬೀದಿಯ ಮೇಲೆ ಕ್ರಮ ತಪ್ಪಿ ಹರಡಿಕೊಂಡಿದ್ದವು. 2014ರ ಜನವರಿ 1ರಿಂದ ಅಲ್ಲಿ ರಸ್ತೆ ಹೆಸರಿನ ವಿಳಾಸವೇ ಅಧಿಕೃತ. ರಸ್ತೆ ಶುರುವಾಗುವ ಕಡೆಯಿಂದ ಪ್ರತಿ 20 ಮೀಟರಿಗೆ ಒಂದು ಹೆಜ್ಜೆ, ಎಡಗಡೆಗೆ ಬೆಸ, ಬಲಗಡೆಗೆ ಸಮ. ಅಂದರೆ ಕಟ್ಟಡದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಮೀಟರಿನಲ್ಲಿ ದೂರ ಸಿಗುತ್ತದೆ. ಸೋಲ್ ನಗರದ ಗಂಗ್ನಮ್ ರಸ್ತೆಯ ಆರಂಭದ ಫಲಕದಲ್ಲಿ 1ರಿಂದ 699 ಎಂದು ಬಾಣದ ಗುರುತಿದೆ; ಓದಿದವರಿಗೆ ರಸ್ತೆ ಸುಮಾರು ಏಳು ಕಿಲೋಮೀಟರ್ ಎಂದು ಅಲ್ಲೇ ಗೊತ್ತಾಗುತ್ತದೆ. ಹೆಸರಿನ ಬಾಲ ನೋಡಿ ರಸ್ತೆಯ ಅಗಲವನ್ನೂ ಅಂದಾಜಿಸಬಹುದು: "ದೇರೊ" ಇದ್ದರೆ ಹೆದ್ದಾರಿಯಂಥದ್ದು, "ರೊ" ಇದ್ದರೆ ಮಧ್ಯಮ, "ಗಿಲ್" ಇದ್ದರೆ ಓಣಿ. ದೊಡ್ಡ ಅಗ್ನಿಶಾಮಕ ವಾಹನವನ್ನು ಓಣಿಗೆ ನುಗ್ಗಿಸಬೇಕೇ ಬೇಡವೇ ಎಂಬ ಸುಳಿವು ಹೆಸರಿನಲ್ಲೇ ಇದೆ.

ಬೀದಿಯೇ ಇಲ್ಲದ ಬೆಟ್ಟ ಕಾಡುಗಳಿಗೆ ಕೊರಿಯಾ ಇನ್ನೊಂದು ಏರ್ಪಾಡು ಮಾಡಿಕೊಂಡಿದೆ. ಚಾರಣದ ದಾರಿಗಳಲ್ಲಿ ಎರಡು ಅಕ್ಷರ, ಎಂಟು ಅಂಕಿಗಳ ಹಳದಿ ಫಲಕ ನೆಟ್ಟಿದ್ದಾರೆ. ಕಾಲು ಮುರಿದುಕೊಂಡವರು ಫಲಕ ಓದಿ ಹೇಳಿದರೆ, ರಕ್ಷಣಾ ತಂಡಕ್ಕೆ ಹತ್ತು ಮೀಟರಿನ ಚೌಕ ಸಿಗುತ್ತದೆ.

ಮನೆ ಹೆಸರೇ ವಿಳಾಸವಾದ ಕಡೆ

ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದು ನಗರಕ್ಕೆ ಮಾತ್ರ ಸೀಮಿತವಲ್ಲ. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಬೀದಿ ಎಂಬುದೇ ಅಪರೂಪ. ಒಂದೊಂದು ಮನೆ ಒಂದೊಂದು ತೋಟದೊಳಗೆ. ವಿಳಾಸ ಎಂದರೆ ಮನೆ ಹೆಸರು, ಗ್ರಾಮ, ಅಂಚೆ. ಗುತ್ತಿನ ಮನೆ, ಐನ್‌ಮನೆಗಳ ಹೆಸರು ಆ ಗ್ರಾಮದವರಿಗೆಲ್ಲ ಬಾಯಿಪಾಠ. ಅಂಚೆಯಣ್ಣನಿಗೆ, ಆಶಾ ಕಾರ್ಯಕರ್ತೆಗೆ ಕಣ್ಣು ಮುಚ್ಚಿದರೂ ದಾರಿ ಗೊತ್ತು. ತಾಲ್ಲೂಕು ಕೇಂದ್ರದಿಂದ ಹೊರಟು ಬಂದ ಹೊಸ ಚಾಲಕರಿಗೆ ಮಾತ್ರ ಗೊತ್ತಿರುವುದಿಲ್ಲ. ಡಾಂಬರು ರಸ್ತೆಯಿಂದ ಮಣ್ಣಿನ ದಾರಿ ಕವಲೊಡೆಯುವಲ್ಲಿ ಮನೆಗಳ ಹೆಸರನ್ನು ಬಾಣದ ಗುರುತಿನೊಂದಿಗೆ ಬರೆದಿರುವ ಫಲಕ ಇದ್ದರೆ ಅದೇ ಆ ರಾತ್ರಿಯ ದೊಡ್ಡ ಉಪಕಾರ.

ಹೆದ್ದಾರಿಯಲ್ಲಿ ರಸ್ತೆಯ ಸಂಖ್ಯೆಗಿಂತ ಕಿಲೋಮೀಟರ್ ಕಲ್ಲು ಮುಖ್ಯ. ಯಾಕೆಂದರೆ 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆ ಬದಲಾದಾಗ ಅಂಕಿಗಳು ಸ್ಥಾನಪಲ್ಲಟವಾದವು. ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ದಾರಿ ದಶಕಗಳ ಕಾಲ 48 ಆಗಿತ್ತು. ಈಗ ಅದು 75. ಆ 48 ಈಗ ತುಮಕೂರು, ಹುಬ್ಬಳ್ಳಿ ಮೇಲೆ ಪುಣೆಗೆ ಹೋಗುವ, ಹಿಂದೆ 4 ಆಗಿದ್ದ ಹೆದ್ದಾರಿಯದು. ಎರಡೂ ಕವಲೊಡೆಯುವುದು ನೆಲಮಂಗಲದಲ್ಲಿ. "ನೆಲಮಂಗಲ ದಾಟಿ 48ರಲ್ಲಿ ಅಪಘಾತ" ಎಂದು ಹಿರಿಯರೊಬ್ಬರು ಹೇಳಿದರೆ ಆಂಬುಲೆನ್ಸ್ ಕುಣಿಗಲ್ ಕಡೆಗೆ ತಿರುಗಬೇಕೋ ತುಮಕೂರು ಕಡೆಗೋ? ಹೆದ್ದಾರಿ ಸಹಾಯವಾಣಿ 1033ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಮಾಡುವಾಗ ಪಕ್ಕದ ಕಲ್ಲಿನ ಮೇಲಿನ ಅಂಕಿ, ಯಾವ ಊರಿನ ಕಡೆಗೆ ಹೋಗುತ್ತಿದ್ದಿರಿ ಎಂಬುದು, ಇವೆರಡನ್ನು ಹೇಳಿದರೆ ಗೊಂದಲ ಕರಗುತ್ತದೆ.

ಫೋನಿಗೆ ಗೊತ್ತಿಲ್ಲದ್ದು

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಫೋನಿನ ಚುಕ್ಕಿ ನಿಜಕ್ಕೂ ನೆರವಾಗುತ್ತದೆ. ಆದರೆ ಅದು ತೋರಿಸುವುದು ಫೋನು ಇರುವ ಜಾಗ. ಹುಬ್ಬಳ್ಳಿಯಲ್ಲಿರುವ ಮಗಳು ಬೆಂಗಳೂರಿನ ಅಪ್ಪನಿಗಾಗಿ ಕರೆ ಮಾಡಿದರೆ ಚುಕ್ಕಿ ಹುಬ್ಬಳ್ಳಿಯಲ್ಲೇ ಇರುತ್ತದೆ. ಒತ್ತೊತ್ತಾದ ಕಟ್ಟಡಗಳ ನಡುವೆ, ಮನೆಯೊಳಗೆ, ಚುಕ್ಕಿ ಪಕ್ಕದ ಕ್ರಾಸಿಗೆ ಜಾರುವುದುಂಟು. ಹನ್ನೆರಡನೇ ಮಹಡಿಯನ್ನು ಅದು ನೆಲಮಹಡಿಯಿಂದ ಬೇರ್ಪಡಿಸಿ ತೋರಿಸುವುದಿಲ್ಲ.

ಅಂಚೆ ಇಲಾಖೆಯ ಹಳೆಯ ಪಿನ್‌ಕೋಡ್ ಈ ಕೆಲಸಕ್ಕೆ ಸಾಲದು. 1972ರ ಆಗಸ್ಟ್ 15ರಂದು ಬಂದ ಆರಂಕಿಯ ಈ ಸಂಖ್ಯೆ ಟಪಾಲನ್ನು ಒಂದು ಅಂಚೆ ಕಚೇರಿಗೆ ಮುಟ್ಟಿಸುತ್ತದೆ; 560003 ಎಂದರೆ ಮಲ್ಲೇಶ್ವರ, ಅಷ್ಟೆ. 2025ರ ಮೇ ತಿಂಗಳಲ್ಲಿ ಇಲಾಖೆ ಹೊರತಂದ ಡಿಜಿಪಿನ್ ಬೇರೆ ಜಾತಿಯದು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ರೂಪಿಸಿದ ಇದರ ಲೆಕ್ಕ ಹೀಗಿದೆ: ದೇಶವನ್ನು ಒಳಗೊಂಡ ದೊಡ್ಡ ಚೌಕವನ್ನು 16 ಭಾಗ ಮಾಡಿ ಒಂದೊಂದಕ್ಕೆ ಒಂದು ಅಕ್ಷರವೋ ಅಂಕಿಯೋ ಕೊಡುವುದು, ಒಳಗಿನ ಚೌಕವನ್ನು ಮತ್ತೆ 16 ಮಾಡುವುದು. ಹೀಗೆ ಹತ್ತು ಸಲ ಒಡೆದರೆ ಉಳಿಯುವುದು ಸುಮಾರು ನಾಲ್ಕು ಮೀಟರ್ ಉದ್ದಗಲದ ತುಂಡು, ಅಂದರೆ ಒಂದು ಕೋಣೆಯಷ್ಟು ಜಾಗ. ಬೀದಿ ಇಲ್ಲದ ತೋಟದ ಮನೆಗೂ, ಹೆಸರಿಲ್ಲದ ಗಲ್ಲಿಗೂ ಇದು ವಿಳಾಸ ಕೊಡಬಲ್ಲದು. ಆದರೆ ಹತ್ತಕ್ಷರದ ಸಂಕೇತವನ್ನು ಸಂಕಟದ ಹೊತ್ತಿನಲ್ಲಿ ನೆನಪಿನಿಂದ ಹೇಳುವವರು ಕಡಿಮೆ. ಅದು ಕೆಲಸಕ್ಕೆ ಬರಬೇಕಾದರೆ ಗೇಟಿನ ಮೇಲೆ, ಫೋನಿನ ಪಕ್ಕದ ಗೋಡೆಯ ಮೇಲೆ ಬರೆದಿರಬೇಕು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ಗಡಿ, ಬೋರ್ಡು, ದಾಖಲೆ ಎಲ್ಲವೂ ಮತ್ತೆ ಬರೆಯಲ್ಪಡುವ ಈ ಹೊತ್ತು ಒಂದೇ ಹೆಸರಿನ ನಗರಗಳನ್ನೂ ಬೀದಿಗಳನ್ನೂ ಪಟ್ಟಿ ಮಾಡಿ ಬಿಡಿಸಲು ಒದಗಿ ಬಂದ ಅವಕಾಶ. ಎಲ್ಲ ಬದಲಿಸಬೇಕಿಲ್ಲ. ಪ್ರತಿ ಕ್ರಾಸಿನ ಬೋರ್ಡಿನಲ್ಲಿ ಬಡಾವಣೆ, ಹಂತ, ಬ್ಲಾಕು ಪೂರ್ತಿ ಇರುವುದು, ಎಲ್ಲಿಂದ ಎಲ್ಲಿಯವರೆಗಿನ ಮನೆ ನಂಬರು ಎಂಬ ಬಾಣ ಇರುವುದು, ಬೋರ್ಡು ಎರಡೂ ತುದಿಯಲ್ಲಿ ಇರುವುದು ಇವಿಷ್ಟಾದರೂ ಎಷ್ಟೋ ನಿಮಿಷ ಉಳಿಯುತ್ತದೆ.

ಮಿಕ್ಕದ್ದು ಮನೆಯವರ ಕೈಯಲ್ಲೇ ಇದೆ. ಅಮೆರಿಕದ ಹಲವೆಡೆ ಜಾರಿಯಲ್ಲಿರುವ ಅಗ್ನಿ ಸುರಕ್ಷತಾ ಸಂಹಿತೆ ಮನೆ ನಂಬರಿನ ಅಂಕಿಗಳು ಕನಿಷ್ಠ ನಾಲ್ಕು ಇಂಚು ಎತ್ತರ ಇರಬೇಕು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿರಬೇಕು, ರಸ್ತೆಯಿಂದ ಓದಲು ಬರಬೇಕು ಎನ್ನುತ್ತದೆ. ಮನೆ ಒಳಗಿದ್ದರೆ ದಾರಿ ಶುರುವಾಗುವಲ್ಲೇ ಕಂಬ ನೆಟ್ಟು ಹಾಕಬೇಕು. ನಮ್ಮ ಗೇಟುಗಳ ಮೇಲೆ ದೇವರ ಹೆಸರು, ಮನೆಯ ಹೆಸರು, ಯಜಮಾನರ ಹೆಸರು ಹಿತ್ತಾಳೆಯಲ್ಲಿ ಹೊಳೆಯುತ್ತವೆ. ನಂಬರು ಕರಿ ಗ್ರಾನೈಟಿನ ಮೂಲೆಯಲ್ಲಿ ಕಾಗದ ಹೂವಿನ ಬಳ್ಳಿಯ ಹಿಂದೆ ಅಡಗಿರುತ್ತದೆ. ನಾಲ್ಕು ಇಂಚಿನ ಬಿಳಿ ಅಂಕಿ, ಅದರ ಮೇಲೆ ಬೀಳುವ ಒಂದು ಸಣ್ಣ ದೀಪ. ಅದಿದ್ದಿದ್ದರೆ ವಿನಾಯಕ ನಗರದ ಆ ಅಮ್ಮ ಯಜಮಾನರನ್ನು ನೆಲದ ಮೇಲೆ ಒಬ್ಬರನ್ನೇ ಬಿಟ್ಟು ಮೇನ್ ರೋಡಿಗೆ ಓಡಬೇಕಾಗಿರಲಿಲ್ಲ. ಸೈರನ್ ಸದ್ದು ಬಾಗಿಲಿಗೆ ಬರುವ ತನಕ ಅವರ ಎದೆಯ ಮೇಲಿಟ್ಟ ಕೈ ತೆಗೆಯದೆ ಒತ್ತುತ್ತಲೇ ಇರಬಹುದಿತ್ತು.